ಗ್ಯಾಸ್ಟ್ರಿಕ್ ಬ್ಯಾಂಡ್ ನಂತರದ ಬದುಕಿಗೆ ಒಂದು ಬಳಗ: ಮೆಲ್ಬರ್ನ್‌ನ ಆರೈಕೆ ಕೇಂದ್ರವೊಂದರ ವಿಮರ್ಶೆ

ತೂಕ ಇಳಿಸಲು ಜಠರದ ಸುತ್ತ ಗ್ಯಾಸ್ಟ್ರಿಕ್ ಬ್ಯಾಂಡ್ ಎಂಬ ಪಟ್ಟಿಯನ್ನು ಅಳವಡಿಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅದರ ನಂತರದ ಆರೈಕೆ ಮಾತ್ರ ಬ್ಯಾಂಡ್ ದೇಹದೊಳಗೆ ಇರುವಷ್ಟು ಕಾಲವೂ ನಡೆಯುತ್ತಿರಬೇಕು. ಹಾಗಾಗಿ ಇಂಥ ಚಿಕಿತ್ಸೆಯನ್ನು ಅಳೆಯುವಾಗ ಶಸ್ತ್ರವೈದ್ಯರ ಕೈಚಳಕಕ್ಕಿಂತ ಹೆಚ್ಚಾಗಿ ಈ ನಂತರದ ಸೇವೆಯನ್ನೇ ಅಳೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೆಲ್ಬರ್ನ್ ನಗರದ ಪೂರ್ವ ಭಾಗದ ಬಡಾವಣೆಯೊಂದರಲ್ಲಿ ನಾನು ಹಲವು ವರ್ಷಗಳಿಂದ ಹೋಗುತ್ತಿರುವ ತೂಕ ನಿರ್ವಹಣಾ ಕೇಂದ್ರದ ಸೇವೆಯನ್ನು, ಅದರಲ್ಲೂ ಅಲ್ಲಿ ತಿಂಗಳಿಗೊಮ್ಮೆ ಸೇರುವ ಬ್ಯಾಂಡ್ ಹಾಕಿಸಿಕೊಂಡವರ ಬಳಗವನ್ನು, ಇಲ್ಲಿ ವಿಮರ್ಶಿಸುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನು ಹೇಳುವುದಿಲ್ಲ. ಒಟ್ಟಾರೆ ಹೇಳುವುದಾದರೆ ನರ್ಸ್‌ಗಳ ಕೆಲಸ ಅತ್ಯುತ್ತಮ, ಬಳಗ ಬಹಳ ಬೆಲೆಯುಳ್ಳದ್ದು ಆದರೆ ಒಂದು ವಿಷಯದಲ್ಲಿ ಅಪಾಯಕಾರಿ, ಆಹಾರ ಸಲಹೆ ನಮ್ಮಂಥ ಸಸ್ಯಾಹಾರಿಗಳ ಮಟ್ಟಿಗೆ ಅರೆಬರೆ.

ಬ್ಯಾಂಡ್‌ನ ಕಥೆಯಲ್ಲಿ ಮೆಲ್ಬರ್ನ್‌ಗೆ ವಿಶೇಷ ಸ್ಥಾನವಿದೆ. ಇಲ್ಲಿನ ಶಸ್ತ್ರವೈದ್ಯ ಪಾಲ್ ಓಬ್ರಿಯನ್ 1994ರಿಂದಲೇ ಈ ಶಸ್ತ್ರಚಿಕಿತ್ಸೆಯನ್ನು ಮಾಡತೊಡಗಿದರು. ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆತದ್ದು 2001ರಲ್ಲಿ. ಮೊನಾಶ್ ವಿಶ್ವವಿದ್ಯಾಲಯದ ಅವರ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಹೊಸದಾಗಿ ಪತ್ತೆಯಾಗಿದ್ದ 60 ಜನರ ಪೈಕಿ, ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಶೇ. 73ರಷ್ಟು ಮಂದಿಗೆ ಎರಡು ವರ್ಷಗಳ ಹೊತ್ತಿಗೆ ಕಾಯಿಲೆ ಹಿಮ್ಮೆಟ್ಟಿತ್ತು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 13 ಮಾತ್ರ. ಅದೇ ತಂಡ 2013ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಮುಂದಿಟ್ಟು, 15 ವರ್ಷಗಳ ನಂತರವೂ ಹೆಚ್ಚುವರಿ ತೂಕದ ಸುಮಾರು ಶೇ. 47ರಷ್ಟು ಇಳಿಕೆ ಉಳಿದಿರುವುದನ್ನು ತೋರಿಸಿತು. ಆದರೆ ಬ್ಯಾಂಡ್‌ನ ಮೇಲಿನ ಜಠರದ ಭಾಗ ಹಿಗ್ಗಿದ್ದರಿಂದ ಸುಮಾರು ಕಾಲು ಭಾಗದ ರೋಗಿಗಳಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು ಎಂಬುದೂ ಅದೇ ಲೆಕ್ಕದಲ್ಲಿದೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೆನಪಿಡಬೇಕು, ಏಕೆಂದರೆ ಬಳಗದ ಸಲಹೆಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ನಿಲ್ಲುವುದು ಈ ಎರಡನೆಯ ಅಂಕಿಯ ಮೇಲೆಯೇ.

ಮೊದಲು ನರ್ಸ್‌ಗಳ ಕೆಲಸದ ಬಗ್ಗೆ. ಬ್ಯಾಂಡ್ ಎಂದರೆ ಜಠರದ ಮೇಲ್ತುದಿಯನ್ನು ಸುತ್ತುವರಿದ ಸಿಲಿಕೋನ್ ಪಟ್ಟಿ. ಅದರ ಒಳಮೈಯಲ್ಲಿ ಒಂದು ಬಲೂನು, ಬಲೂನಿನಿಂದ ಒಂದು ಸಣ್ಣ ಕೊಳವೆ, ಕೊಳವೆಯ ತುದಿಯಲ್ಲಿ ಹೊಟ್ಟೆಯ ಚರ್ಮದ ಕೆಳಗೆ ಸ್ನಾಯುವಿನ ಪೊರೆಗೆ ಹೊಲಿದ ಪೋರ್ಟ್ ಎಂಬ ಪುಟ್ಟ ಬಿಲ್ಲೆ. ಶಸ್ತ್ರಚಿಕಿತ್ಸೆಯಾಗಿ ನಾಲ್ಕರಿಂದ ಆರು ವಾರಗಳ ನಂತರ ಮೊದಲ ಬಾರಿಗೆ ಈ ಪೋರ್ಟ್‌ನ ಮೂಲಕ ಸಲೈನ್ (ಉಪ್ಪುನೀರಿನ ದ್ರಾವಣ) ತುಂಬುತ್ತಾರೆ, ಬಲೂನು ಉಬ್ಬಿದಷ್ಟೂ ಬ್ಯಾಂಡ್ ಬಿಗಿಯಾಗುತ್ತದೆ. ಇದನ್ನೇ ಎಲ್ಲರೂ ಫಿಲ್ ಎನ್ನುತ್ತಾರೆ. ಮಂಚದ ಮೇಲೆ ಮಲಗಿಸಿ, ತಲೆಯನ್ನು ಸ್ವಲ್ಪ ಎತ್ತಿ ಹೊಟ್ಟೆಯನ್ನು ಬಿಗಿಮಾಡಿಕೊಳ್ಳಲು ಹೇಳಿ, ನರ್ಸ್ ಎರಡು ಬೆರಳುಗಳ ನಡುವೆ ಪೋರ್ಟನ್ನು ಹಿಡಿದು ನಿಲ್ಲಿಸುತ್ತಾರೆ. ಪೋರ್ಟ್‌ನ ರಬ್ಬರ್ ಪೊರೆ ಕಿತ್ತುಬರದಂತೆ ವಿಶೇಷವಾಗಿ ಮಾಡಿದ ಹ್ಯೂಬರ್ ಸೂಜಿಯನ್ನು ನೇರವಾಗಿ ಇಳಿಸಿ, ಒಳಗಿರುವ ದ್ರವವನ್ನೆಲ್ಲ ಮೊದಲು ಸಿರಿಂಜಿಗೆ ಎಳೆದು, ಹಿಂದಿನ ಸಲ ಬರೆದಿಟ್ಟ ಅಳತೆಗೆ ತಾಳೆ ನೋಡಿ, ಆಮೇಲೆಯೇ ಹೊಸ ಅಳತೆಯನ್ನು ತುಂಬುತ್ತಾರೆ. ತಾಳೆಯಾಗದಿದ್ದರೆ ಕೊಳವೆಯಲ್ಲೋ ಪೋರ್ಟ್‌ನಲ್ಲೋ ಸೋರಿಕೆ ಇರಬಹುದು ಎಂದರ್ಥ. ನಂತರ ಎದ್ದು ಕೂರಿಸಿ ಒಂದು ಲೋಟ ನೀರು ಕೊಡುತ್ತಾರೆ. ಆ ನೀರು ಎದೆಯಲ್ಲಿ ನಿಲ್ಲದೆ ಸರಾಗವಾಗಿ ಇಳಿಯಿತೆಂದು ಖಚಿತವಾಗುವವರೆಗೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಬೇರೆ ಕಡೆ ಈ ನೀರಿನ ಪರೀಕ್ಷೆಯಿಲ್ಲದೆ ಹೊರಟು, ರಾತ್ರಿ ಎಂಜಲನ್ನೂ ನುಂಗಲಾಗದೆ ಆಸ್ಪತ್ರೆಗೆ ಓಡಿದವರ ಅನುಭವಗಳನ್ನು ಬಳಗದಲ್ಲಿ ಕೇಳಿದ್ದೇನೆ. ಅದರಿಂದಲೇ ಈ ಒಂದು ಲೋಟ ನೀರಿನ ಬೆಲೆ ನನಗೆ ಮನದಟ್ಟಾಗಿದೆ.

ಎಷ್ಟು ತುಂಬಬೇಕೆಂಬ ನಿರ್ಧಾರದಲ್ಲಿಯೂ ಇಲ್ಲಿನ ನರ್ಸ್‌ಗಳು ಆತುರಪಡುವುದಿಲ್ಲ. ನನ್ನಲ್ಲಿರುವ ಮಾದರಿಯ ಬ್ಯಾಂಡ್ 10 ಮಿಲಿಲೀಟರ್ ಹಿಡಿಸುತ್ತದೆ, ಆದರೆ ಅದನ್ನು ತುಂಬಿಸುವುದು ಗುರಿಯೇ ಅಲ್ಲ. ಅರ್ಧ ಬಟ್ಟಲು ಊಟ ಮಾಡಿ ನಾಲ್ಕೈದು ಗಂಟೆ ಹಸಿವಿಲ್ಲದೆ ಇರಲು ಸಾಧ್ಯವಾಗುವ, ಆದರೆ ಗಟ್ಟಿ ಆಹಾರ ತೊಂದರೆಯಿಲ್ಲದೆ ಇಳಿಯುವ ಸ್ಥಿತಿಗೆ ಹಸಿರು ವಲಯ ಎಂಬ ಹೆಸರಿದೆ. ಊಟವಾದ ಸ್ವಲ್ಪ ಹೊತ್ತಿಗೇ ಹಸಿವಾದರೆ ಹಳದಿ. ರಾತ್ರಿ ಕೆಮ್ಮು, ಎದೆಯುರಿ, ವಾಂತಿ, ಮೆತ್ತನೆಯದನ್ನು ಬಿಟ್ಟು ಬೇರೇನೂ ಇಳಿಯದಿರುವುದು ಇವೆಲ್ಲ ಕೆಂಪು. ಭೇಟಿಯ ಆರಂಭದಲ್ಲಿ ನರ್ಸ್ ತಕ್ಕಡಿಗಿಂತ ಮೊದಲು ಕೇಳುವುದು ಈ ಲಕ್ಷಣಗಳನ್ನು. ತೂಕ ಇಳಿಯಲಿಲ್ಲವೆಂದು ಬೇಡಿಕೊಂಡರೂ, ಕೆಂಪು ಲಕ್ಷಣಗಳಿದ್ದರೆ ತುಂಬುವ ಬದಲು ತೆಗೆಯುತ್ತಾರೆ. ಇದು ಬಹಳ ಜನರಿಗೆ ಬೇಸರ ತರಿಸುತ್ತದೆ, ನಾನು ಮಾತ್ರ ಇದನ್ನು ಈ ಕೇಂದ್ರದ ದೊಡ್ಡ ಗುಣವೆಂದು ಎಣಿಸುತ್ತೇನೆ.

ಇನ್ನು ಬಳಗ. ತಿಂಗಳ ಒಂದು ಸಂಜೆ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿರುತ್ತಾರೆ. ಶುಲ್ಕವಿಲ್ಲ, ಹೆಸರು ನೋಂದಣಿ ಕಡ್ಡಾಯವಲ್ಲ, ಒಬ್ಬ ನರ್ಸ್ ಮೊದಲ ಅರ್ಧ ಗಂಟೆ ಮಾತ್ರ ಇದ್ದು ಹೊರಡುತ್ತಾರೆ. ಬರುವವರಲ್ಲಿ ಬ್ಯಾಂಡ್ ಹಾಕಿಸಿಕೊಂಡು ಎರಡು ದಶಕವಾದವರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ಶಾಲಾ ಶಿಕ್ಷಕಿಯರಿದ್ದಾರೆ, ಬ್ಯಾಂಡ್ ತೆಗೆಸಿಕೊಂಡ ಮೇಲೂ ಬರುವವರಿದ್ದಾರೆ. ವೈದ್ಯರ ಹಾಳೆಯಲ್ಲಿ ಇಲ್ಲದ, ಆದರೆ ದಿನನಿತ್ಯಕ್ಕೆ ಬೇಕಾದ ಸಣ್ಣ ಸಣ್ಣ ತಿಳಿವಳಿಕೆ ಸಿಗುವುದು ಇವರಿಂದಲೇ. ಬೆಳಿಗ್ಗೆ ಬ್ಯಾಂಡ್ ಬಿಗಿಯಾಗಿರುತ್ತದೆ, ಆದ್ದರಿಂದ ಎದ್ದ ಕೂಡಲೇ ತಿನ್ನದೆ ಮೊದಲು ಬಿಸಿಯಾದದ್ದೇನನ್ನಾದರೂ ಗುಟುಕು ಗುಟುಕಾಗಿ ಕುಡಿಯಬೇಕು. ಮನಸ್ಸು ಕಳವಳಗೊಂಡಿರುವಾಗ ಊಟಕ್ಕೆ ಕೂರಬಾರದು, ಅಂದು ಏನೂ ಇಳಿಯುವುದಿಲ್ಲ. ಮುಟ್ಟಿನ ದಿನಗಳಲ್ಲಿ ಕೆಲವರಿಗೆ ಬಿಗಿ ಹೆಚ್ಚುತ್ತದೆ. ವಿಮಾನದಲ್ಲಿ ಹಲವರಿಗೆ ಹಾಗೆಯೇ ಆಗುತ್ತದೆ, ಅದಕ್ಕಾಗಿ ಅಲ್ಲಿ ಸೂಪು, ಮೊಸರಿನಂಥದ್ದಕ್ಕೆ ನಿಲ್ಲುವುದು ಒಳ್ಳೆಯದು. ಇಂಥ ಮಾತುಗಳನ್ನು ಮೊದಲೇ ಕೇಳಿದ್ದವರು, ಅದು ತಮಗೆ ಆದಾಗ ಗಾಬರಿಯಾಗುವುದಿಲ್ಲ.

ಬಳಗದಿಂದ ಸಿಕ್ಕ ಅತ್ಯಂತ ಉಪಯುಕ್ತ ಪಾಠವೆಂದರೆ ಸಾಕು ಎಂಬ ಸೂಚನೆಯನ್ನು ಗುರುತಿಸುವುದು. ಮೊದಲಿನಂತೆ ಹೊಟ್ಟೆ ಭಾರವಾಗಿ ಸಾಕೆನಿಸುವುದು ಬ್ಯಾಂಡ್ ಹಾಕಿಸಿಕೊಂಡ ಮೇಲೆ ಇರುವುದಿಲ್ಲ; ಆ ಭಾರಕ್ಕೆ ಕಾದು ಕೂತರೆ ಮಿತಿ ಮೀರಿರುತ್ತದೆ. ಒಬ್ಬರಿಗೆ ಬಿಕ್ಕಳಿಕೆ ಬರುತ್ತದೆ, ಇನ್ನೊಬ್ಬರ ಮೂಗು ಸೋರುತ್ತದೆ, ಮತ್ತೊಬ್ಬರಿಗೆ ಎಡ ಭುಜದಲ್ಲಿ ಚಿಳ್ಳೆಂದು ನೋವು, ಕೆಲವರಿಗೆ ತಾನಾಗಿ ಒಂದು ನಿಟ್ಟುಸಿರು. ತನ್ನ ಸೂಚನೆ ಯಾವುದೆಂದು ತಾನೇ ಗಮನಿಸಿ ಕಂಡುಕೊಳ್ಳಬೇಕು, ಕಂಡುಕೊಂಡ ಮೇಲೆ ತಟ್ಟೆಯಲ್ಲಿ ಎರಡೇ ತುತ್ತು ಉಳಿದಿದ್ದರೂ ನಿಲ್ಲಿಸಬೇಕು. ತಟ್ಟೆಯಲ್ಲಿ ಅಗುಳು ಬಿಡಬಾರದೆಂದು ಕಲಿತು ಬೆಳೆದ ನಮಗೆ ಇದು ನಿಜಕ್ಕೂ ಕಷ್ಟದ ಅಭ್ಯಾಸ. ಅದಕ್ಕೆ ಬಳಗದ ಹಿರಿಯರೊಬ್ಬರು ಹೇಳಿದ ಉಪಾಯ ಸರಳವಾಗಿದೆ: ಬಿಡುವ ಪ್ರಶ್ನೆಯೇ ಬರದಂತೆ ಮಕ್ಕಳ ಬಟ್ಟಲಿನಲ್ಲಿ ಅರ್ಧಕ್ಕೆ ಬಡಿಸಿಕೊಳ್ಳುವುದು, ಮಗುವಿನ ಚಮಚದಲ್ಲಿ ತಿನ್ನುವುದು, ಪ್ರತಿ ತುತ್ತಿನ ನಂತರ ಚಮಚವನ್ನು ಕೈಯಿಂದ ಕೆಳಗಿಡುವುದು.

ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಒಂದು ನಿಮಿಷ ಬಿಡಬೇಕೆಂಬ ನಿಯಮದ ಕಾರಣವನ್ನು ಕೇಂದ್ರದವರು ಚೆನ್ನಾಗಿ ವಿವರಿಸುತ್ತಾರೆ. ಬ್ಯಾಂಡ್‌ನ ಮೇಲೆ ಒಂದು ಪುಟ್ಟ ಚೀಲವಿದ್ದು ಅದು ತುಂಬಿದಾಗ ಹೊಟ್ಟೆ ತುಂಬುತ್ತದೆ ಎಂಬುದು ಬಹಳ ಕಾಲದ ತಿಳಿವಳಿಕೆಯಾಗಿತ್ತು. ಆದರೆ ಚೆನ್ನಾಗಿ ಅಗಿದ ತುತ್ತನ್ನು ಅನ್ನನಾಳ ಹಲವು ಬಾರಿ ಒತ್ತಿ ಒತ್ತಿ ಬ್ಯಾಂಡ್‌ನ ಕೆಳಕ್ಕೆ ದಾಟಿಸುತ್ತದೆ, ಆ ಒತ್ತಡವೇ ನರಗಳ ಮೂಲಕ ತೃಪ್ತಿಯ ಸಂದೇಶವನ್ನು ಮಿದುಳಿಗೆ ಕಳಿಸುತ್ತದೆ, ಚೀಲ ತುಂಬಿ ನಿಲ್ಲಲೇಬಾರದು ಎಂಬುದು ಈಗಿನ ತಿಳಿವಳಿಕೆ. ಒಂದು ತುತ್ತು ದಾಟುವ ಮುನ್ನ ಇನ್ನೊಂದು ಬಂದು ಕೂತರೆ ಮೇಲಿನ ಭಾಗ ಹಿಗ್ಗತೊಡಗುತ್ತದೆ, ಹಿಗ್ಗಿದ್ದು ಮುಂದೆ ಬ್ಯಾಂಡ್ ಜಾರುವುದಕ್ಕೂ ದಾರಿಯಾಗುತ್ತದೆ. ಕಾರಣ ಗೊತ್ತಾದ ಮೇಲೆ ನಿಯಮವನ್ನು ಪಾಲಿಸುವುದು ಸುಲಭ. 20 ನಿಮಿಷಕ್ಕೆ ಊಟ ಮುಗಿಸಬೇಕೆಂಬ ಮಾತಿಗೂ, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಕಾಯಬೇಕೆಂಬ ಮಾತಿಗೂ ಇದೇ ತರ್ಕ.

ಆಹಾರದ ವಿಷಯಕ್ಕೆ ಬಂದಾಗ ನನ್ನ ಅಸಮಾಧಾನ ಆರಂಭವಾಗುತ್ತದೆ. ಕೇಂದ್ರದ ಹಾಳೆಯಲ್ಲಿ ಬೇಡವಾದ ಪದಾರ್ಥಗಳೆಂದರೆ ಮೆತ್ತನೆಯ ಬ್ರೆಡ್, ಸ್ಟೇಕ್, ಒಣಗಿದ ಕೋಳಿ ಮಾಂಸ, ಪಾಸ್ತಾ. ಬೇಕಾದವೆಂದರೆ ಟ್ಯೂನಾ, ಕಾಟೇಜ್ ಚೀಸ್, ಬೇಕ್ ಮಾಡಿದ ಮೀನು. ಬಳಗದ ಮಾತುಕತೆಯೂ ಇದೇ ತಟ್ಟೆಯ ಸುತ್ತ ತಿರುಗುತ್ತದೆ. ಮಂಡ್ಯ ಸೀಮೆಯ ಮನೆಯಲ್ಲಿ ಬೆಳೆದ, ಸಸ್ಯಾಹಾರವನ್ನೇ ತಿನ್ನುವ ನನ್ನಂಥವರು ಇದರ ಹಿಂದಿನ ನಿಯಮವನ್ನು ಹಿಡಿದು ತಮ್ಮ ಅಡುಗೆಮನೆಗೆ ತಾವೇ ಅನ್ವಯಿಸಿಕೊಳ್ಳಬೇಕಾಗುತ್ತದೆ. ನಿಯಮವಿಷ್ಟೆ: ಜಗಿದಷ್ಟೂ ಅಂಟಂಟಾಗಿ ಉಂಡೆಕಟ್ಟುವುದು, ನಾರು ನಾರಾಗಿ ಉಳಿಯುವುದು ಸಿಕ್ಕಿಕೊಳ್ಳುತ್ತದೆ, ಪುಡಿಯಾಗುವುದು, ತೇವವಾಗಿ ಬಿಡಿಬಿಡಿಯಾಗುವುದು ಇಳಿಯುತ್ತದೆ.

ಈ ನಿಯಮದ ಮುಂದೆ ಮೊದಲು ಸೋಲುವುದು ರಾಗಿ ಮುದ್ದೆ. ಮುದ್ದೆಯನ್ನು ಅಗಿಯದೆ, ಸಾರಿನಲ್ಲಿ ಅದ್ದಿ ನುಂಗುವುದೇ ನಮ್ಮ ಕಡೆಯ ಕ್ರಮ. ಬ್ಯಾಂಡ್ ಇರುವವರಿಗೆ ಅಗಿಯದೆ ನುಂಗುವ ಒಂದೇ ಒಂದು ತುತ್ತೂ ಸಲ್ಲದು, ಅಗಿಯಲು ಹೋದರೆ ಅದು ಹಲ್ಲಿಗೂ ಅಂಗುಳಕ್ಕೂ ಮೆತ್ತಿಕೊಳ್ಳುತ್ತದೆ. ರಾಗಿಯನ್ನು ಬಿಡಲಾಗದವರಿಗೆ ತೆಳ್ಳಗಿನ ರಾಗಿ ದೋಸೆ ಉಳಿದಿದೆ, ಗರಿಗರಿಯಾಗಿ ಹುಯ್ದದ್ದು ಚೂರಾಗಿ ಇಳಿಯುತ್ತದೆ. ಮಜ್ಜಿಗೆ ಬೆರೆಸಿದ ಅಂಬಲಿ ಶಸ್ತ್ರಚಿಕಿತ್ಸೆಯ ನಂತರದ ದ್ರವಾಹಾರದ ವಾರಗಳಲ್ಲಿ ಉಪಕಾರಿ, ಆದರೆ ಮುಂದೆ ಅದನ್ನೇ ಊಟವಾಗಿ ಮಾಡಿಕೊಳ್ಳಬಾರದು, ಏಕೆಂದರೆ ಕುಡಿಯುವುದು ಬ್ಯಾಂಡ್ ಇಲ್ಲವೇನೋ ಎಂಬಂತೆ ದಾಟಿಹೋಗಿ ಗಂಟೆಯೊಳಗೆ ಮತ್ತೆ ಹಸಿವಾಗುತ್ತದೆ. ಮೆತ್ತನೆಯ ಇಡ್ಲಿ ಬಾಯಿಗೆ ಸುಲಭವೆನಿಸಿದರೂ ಒಳಗೆ ಹಿಟ್ಟಾಗಿ ಕೂರುತ್ತದೆ. ಅದನ್ನು ಪುಡಿಮಾಡಿ ಉಪ್ಪಿಟ್ಟಿನಂತೆ ಒಗ್ಗರಿಸಿದರೆ ತೊಂದರೆ ಕಡಿಮೆ. ಚಪಾತಿಗಿಂತ ಅಕ್ಕಿರೊಟ್ಟಿಯ ಗರಿಯಾದ ಅಂಚು ವಾಸಿ. ಮುದ್ದೆಯಾಗಿ ಬೆಂದ ಅನ್ನ ಬೇಡ, ಬೇಳೆ ಹೆಚ್ಚಿರುವ ಬಿಸಿಬೇಳೆಬಾತ್ ಎರಡು ಚಮಚ ಆದೀತು. ನುಗ್ಗೆಕಾಯಿಯ ತಿರುಳನ್ನು ಚಮಚದಿಂದ ಕೆರೆದು ತಿನ್ನಬಹುದು, ಅದರ ನಾರನ್ನು ಬಾಯಿಗೆ ಹಾಕಲೇಬಾರದು. ಕಿತ್ತಳೆಯ ತೊಳೆಯನ್ನು ಸುತ್ತಿರುವ ಬಿಳಿ ಸಿಪ್ಪೆಯೂ ಹಾಗೆಯೇ. ಇವೆಲ್ಲ ನನಗೂ, ಬಳಗದಲ್ಲಿರುವ ಒಬ್ಬ ಗುಜರಾತಿ ಮಹಿಳೆಗೂ ಪರಸ್ಪರ ಮಾತಾಡಿಕೊಂಡು ಸ್ಪಷ್ಟವಾದ ವಿಷಯಗಳು, ಕೇಂದ್ರದ ಹಾಳೆಯಲ್ಲಿ ಇವುಗಳ ಸುಳಿವೂ ಇಲ್ಲ. ಒಬ್ಬೊಬ್ಬರ ಬ್ಯಾಂಡ್ ಒಂದೊಂದು ರೀತಿ ಎಂಬುದನ್ನೂ ಹೇಳಬೇಕು. ಹೊಸ ಪದಾರ್ಥವನ್ನು ಮನೆಯಲ್ಲಿ, ಬಿಡುವಿನ ದಿನ, ಒಂದು ಚಮಚದಿಂದ ಆರಂಭಿಸುವುದು ಕ್ಷೇಮ.

ಪ್ರೋಟೀನ್ ಲೆಕ್ಕದಲ್ಲಿ ಸಸ್ಯಾಹಾರಿಗಳು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ದಿನಕ್ಕೆ ಸುಮಾರು 60 ಗ್ರಾಂ ಬೇಕೆಂದು ಹೇಳುತ್ತಾರೆ, ಊಟಕ್ಕೆ ಸಿಗುವ ಜಾಗ ಅರ್ಧ ಬಟ್ಟಲು. ಆ ಅರ್ಧ ಬಟ್ಟಲಿನಲ್ಲಿ ತಿಳಿಸಾರು ಅನ್ನ ತುಂಬಿದರೆ ಪ್ರೋಟೀನ್ ಏನೂ ಸಿಗುವುದಿಲ್ಲ. ಮನೆಯ ಮೊಸರಿನ 100 ಗ್ರಾಂನಲ್ಲಿ ಮೂರು ನಾಲ್ಕು ಗ್ರಾಂ ಇದ್ದರೆ, ಅದನ್ನೇ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಅಷ್ಟೇ ಅಳತೆಯಲ್ಲಿ ಎರಡರಷ್ಟು ಅಥವಾ ಅದಕ್ಕೂ ಹೆಚ್ಚು ದೊರೆಯುತ್ತದೆ. ಮೆತ್ತನೆಯ ಪನೀರ್‌ನ 100 ಗ್ರಾಂನಲ್ಲಿ 18 ಗ್ರಾಂನ ಆಸುಪಾಸು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ ಆರು ಗ್ರಾಂ. ಗಟ್ಟಿಯಾಗಿ ಬೇಯಿಸಿದ ಹೆಸರುಬೇಳೆ ತೊವ್ವೆ, ಕಡಲೆಹಿಟ್ಟಿನ ದೋಸೆ, ನೆನೆಸಿ ಅರೆದ ಹೆಸರುಕಾಳಿನ ಅಡೆ ಇವು ನಮ್ಮ ಅಡುಗೆಯಲ್ಲೇ ಇರುವ ಒಳ್ಳೆಯ ದಾರಿಗಳು. ತಟ್ಟೆಯಲ್ಲಿ ಮೊದಲು ಬೇಳೆ ಅಥವಾ ಪನೀರ್, ನಂತರ ತರಕಾರಿ, ಜಾಗ ಉಳಿದರೆ ಅನ್ನ ಎಂಬ ಕ್ರಮವನ್ನು ಬಳಗದವರು ಒತ್ತಿ ಹೇಳುತ್ತಾರೆ. ಈ ಸಲಹೆ ಯಾವ ಊರಿನ ತಟ್ಟೆಗೂ ಸಲ್ಲುತ್ತದೆ.

ಬಳಗದ ಅಪಾಯಕಾರಿ ಅಂಶವೆಂದು ಮೊದಲಿಗೇ ಹೇಳಿದ್ದನ್ನು ಈಗ ವಿವರಿಸುತ್ತೇನೆ. ಬಹುಕಾಲದಿಂದ ಬ್ಯಾಂಡ್ ಇರುವ ಕೆಲವರು ಆಹಾರ ಸಿಕ್ಕಿಕೊಳ್ಳುವುದನ್ನು, ಬಾಯಿತುಂಬ ನೊರೆನೊರೆಯಾದ ಲೋಳೆ ಬರುವುದನ್ನು, ಊಟದ ಮಧ್ಯೆ ಎದ್ದು ಹೋಗಿ ವಾಂತಿ ಮಾಡಿ ಬರುವುದನ್ನು ದಿನನಿತ್ಯದ ಸಂಗತಿಯೆಂಬಂತೆ ಹೇಳುತ್ತಾರೆ, ಹೊಸಬರು ಅದನ್ನು ಕೇಳಿ ಬ್ಯಾಂಡ್ ಎಂದರೆ ಹೀಗೆಯೇ ಇರಬೇಕೆಂದು ನಂಬಿಬಿಡುತ್ತಾರೆ. ಬಿಗಿ ಹೆಚ್ಚಿದಷ್ಟೂ ತೂಕ ಇಳಿಯುತ್ತದೆ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಸಿಕ್ಕಿಕೊಂಡಾಗ ಅನಾನಸ್ ರಸ ಕುಡಿಯಿರಿ, ಪರಂಗಿಹಣ್ಣಿನ ಮಾತ್ರೆ ಚೀಪಿರಿ, ಕೋಲಾ ಕುಡಿದು ತಳ್ಳಿ ಎಂಬ ಸಲಹೆಗಳು ಒಂದರ ಹಿಂದೆ ಒಂದು ಬರುತ್ತವೆ. ಎಂದೋ ಒಮ್ಮೆ ಸಿಕ್ಕಿಕೊಂಡರೆ ತಿನ್ನುವುದನ್ನು ನಿಲ್ಲಿಸಿ, ಎದ್ದು ನಿಧಾನವಾಗಿ ನಡೆದಾಡಿ, ತಾನಾಗಿ ಇಳಿಯುವವರೆಗೆ ಏನನ್ನೂ ಕುಡಿಯದೆ ಇರುವುದು, ನಂತರದ ಒಂದು ದಿನ ದ್ರವಾಹಾರದಲ್ಲಿ ಊದಿಕೊಂಡ ಭಾಗಕ್ಕೆ ವಿಶ್ರಾಂತಿ ಕೊಡುವುದು ನರ್ಸ್‌ಗಳು ಹೇಳುವ ಕ್ರಮ. ಕೆಳಗೆ ದಾರಿ ಮುಚ್ಚಿರುವಾಗ ಮೇಲಿಂದ ಸುರಿದದ್ದು ಏನೇ ಆದರೂ ಒತ್ತಡವನ್ನೇ ಹೆಚ್ಚಿಸುತ್ತದೆ.

ಪದೇ ಪದೇ ಆಗುವ ವಾಂತಿ ಯಾವ ಕಾರಣಕ್ಕೂ ಸಾಮಾನ್ಯವಲ್ಲ. ಅದು ಬ್ಯಾಂಡನ್ನು ಜಾರಿಸಬಹುದು, ಅನ್ನನಾಳವನ್ನು ಹಿಗ್ಗಿಸಬಹುದು. ವಾರಗಟ್ಟಲೆ ಮುಂದುವರಿದರೆ ಥಯಾಮಿನ್ ಎಂಬ ಜೀವಸತ್ವ ಬರಿದಾಗಿ ನರಗಳಿಗೇ ಹಾನಿಯಾಗಬಹುದು. ನೀರು ಅಥವಾ ಎಂಜಲು ಸಹ ಇಳಿಯದಿದ್ದರೆ, ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು ಬಂದು ನಿಲ್ಲದಿದ್ದರೆ, ಬಳಗದ ಗೆಳೆಯರಿಗೆ ಸಂದೇಶ ಕಳಿಸುತ್ತ ಕೂರದೆ ಅದೇ ಗಳಿಗೆ ತುರ್ತು ವಿಭಾಗಕ್ಕೆ ಹೋಗಬೇಕು. ಬಹಳ ಕಾಲದ ನಂತರ ಪೋರ್ಟ್‌ನ ಸುತ್ತ ಕೆಂಪಾಗಿ ಸೋಂಕು ಕಾಣಿಸಿಕೊಂಡರೆ, ಅಥವಾ ಬಿಗಿ ಇದ್ದಕ್ಕಿದ್ದಂತೆ ಇಲ್ಲವಾದರೆ, ಬ್ಯಾಂಡ್ ಜಠರದ ಗೋಡೆಯನ್ನು ಕೊರೆದು ಒಳಸೇರಿರುವ ಸಾಧ್ಯತೆಯನ್ನು ಪರೀಕ್ಷಿಸಿಕೊಳ್ಳಬೇಕು. ನರ್ಸ್ ಅರ್ಧ ಗಂಟೆಯ ಬದಲು ಸಭೆಯ ಕೊನೆಯವರೆಗೂ ಕೂತಿದ್ದರೆ ಇಂಥ ತಪ್ಪು ಸಲಹೆಗಳಿಗೆ ಅಲ್ಲಿಯೇ ತಡೆ ಬೀಳುತ್ತಿತ್ತು. ಈ ಮಾತನ್ನು ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿದ್ದೇನೆ, ಸಿಬ್ಬಂದಿಯ ಕೊರತೆ ಎಂಬ ಉತ್ತರ ಬಂದಿದೆ. ಆ ಉತ್ತರ ನನಗೆ ಒಪ್ಪಿಗೆಯಾಗಿಲ್ಲ.

ಸಿಹಿಯ ವಿಷಯದಲ್ಲಿ ಬಳಗದವರು ಹೇಳುವುದೆಲ್ಲ ಪ್ರಾಮಾಣಿಕ. ಐಸ್‌ಕ್ರೀಮ್, ಚಾಕೊಲೇಟ್, ಬಾಯಲ್ಲಿ ಕರಗುವ ಬಿಸ್ಕತ್ತು ಇವುಗಳನ್ನು ಬ್ಯಾಂಡ್ ತಡೆಯುವುದೇ ಇಲ್ಲ, ಬಿಗಿ ಹೆಚ್ಚಾದವರು ಗಟ್ಟಿ ಆಹಾರ ಇಳಿಯದೆ ಇವುಗಳಿಗೇ ಒಗ್ಗಿಹೋಗಿ ತೂಕ ಏರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಆ ಸ್ಥಾನ ಪಾಯಸಕ್ಕೆ, ತುಪ್ಪದಲ್ಲಿ ಕರಗುವ ಮೈಸೂರು ಪಾಕಿಗೆ, ಸಂಜೆಯ ಸಕ್ಕರೆ ಕಾಫಿಗೆ ಸಲ್ಲುತ್ತದೆ. ಹೋಳಿಗೆ ಮಾತ್ರ ಕಣಕದಿಂದಾಗಿ ಎದೆಯಲ್ಲೇ ನಿಲ್ಲುತ್ತದೆ.

ಔಷಧಗಳ ಬಗ್ಗೆ ಕೇಂದ್ರದ ಸೂಚನೆಗಳು ಸ್ಪಷ್ಟವಾಗಿವೆ. ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳು ಬೇಡ, ದೊಡ್ಡ ಮಾತ್ರೆಗಳನ್ನು ಕರಗುವ ಅಥವಾ ದ್ರವ ರೂಪದಲ್ಲಿ ಪಡೆಯಬೇಕು, ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಗಳನ್ನು ಔಷಧಿಕಾರರನ್ನು ಕೇಳದೆ ಪುಡಿಮಾಡಬಾರದು. ಬ್ಯಾಂಡ್ ಕರುಳಿನ ದಾರಿಯನ್ನು ಬದಲಿಸುವುದಿಲ್ಲವಾದ್ದರಿಂದ ಪೋಷಕಾಂಶಗಳ ಕೊರತೆ ಆ ದಾರಿಯನ್ನೇ ಬದಲಿಸುವ ಬೈಪಾಸ್‌ನಷ್ಟು ತೀವ್ರವಾಗಿ ಇರುವುದಿಲ್ಲ. ಆದರೂ ತಿನ್ನುವುದೇ ಕಡಿಮೆಯಾದ ಮೇಲೆ ಕಬ್ಬಿಣ, ವಿಟಮಿನ್ ಡಿ, ಫೋಲೇಟ್, ಅದರಲ್ಲೂ ಸಸ್ಯಾಹಾರಿಗಳಿಗೆ ಬಿ12, ಇವುಗಳ ರಕ್ತಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಲೇಬೇಕು. ಕೇಂದ್ರ ಇದಕ್ಕೆ ತಪ್ಪದೆ ಪತ್ರ ಕಳಿಸುತ್ತದೆ.

ಊರಿಗೆ ಬರುವಾಗಿನ ಸಿದ್ಧತೆಯಲ್ಲಿ ಬಳಗ ಮತ್ತು ಕೇಂದ್ರ ಎರಡೂ ನೆರವಾದವು. ಕರ್ನಾಟಕದಲ್ಲಿ ಈಗ ಸ್ಥೂಲಕಾಯಕ್ಕೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಮತ್ತು ಬೈಪಾಸ್‌ಗಳೇ ಹೆಚ್ಚು, ಬ್ಯಾಂಡ್ ಅಪರೂಪ. ಹಾಗಾಗಿ ಮೈಸೂರಿನಲ್ಲೋ ಮಂಡ್ಯದಲ್ಲೋ ಇರುವಾಗ ಬ್ಯಾಂಡ್ ಸಡಿಲಿಸಬೇಕಾಗಿ ಬಂದರೆ ಹ್ಯೂಬರ್ ಸೂಜಿಯೂ, ಪೋರ್ಟನ್ನು ಹುಡುಕಿ ಅಭ್ಯಾಸವಿರುವ ಕೈಯೂ ಹತ್ತಿರದಲ್ಲಿ ಸಿಗದೆ ಹೋಗಬಹುದು. ದೀರ್ಘ ಪ್ರವಾಸಕ್ಕೆ ಮುನ್ನ ನರ್ಸ್ ಸ್ವಲ್ಪ ದ್ರವವನ್ನು ತೆಗೆದು ಸಡಿಲ ಮಾಡಿ, ಬ್ಯಾಂಡ್‌ನ ಮಾದರಿ, ಅದರ ಗರಿಷ್ಠ ಅಳತೆ, ಈಗ ಒಳಗಿರುವ ದ್ರವದ ಪ್ರಮಾಣ, ಪೋರ್ಟ್ ಇರುವ ಜಾಗ ಇವಿಷ್ಟನ್ನೂ ಬರೆದ ಕಾರ್ಡು ಕೊಡುತ್ತಾರೆ. ಬೆಂಗಳೂರಿನಲ್ಲಿ ಬ್ಯಾಂಡ್ ನೋಡಬಲ್ಲ ಶಸ್ತ್ರವೈದ್ಯರು ಯಾರೆಂದು ಹೊರಡುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ ಎಂದೂ ಹೇಳುತ್ತಾರೆ. ಇಷ್ಟು ಮುಂದಾಲೋಚನೆಯಿಂದ ನಡೆದುಕೊಳ್ಳುವ ಸೇವೆಯನ್ನು ನಾನು ಬೇರೆ ವೈದ್ಯಕೀಯ ವಿಭಾಗಗಳಲ್ಲಿ ಹೆಚ್ಚಾಗಿ ಕಂಡಿಲ್ಲ.

ಕಾರ್ಡು ಉಪಯೋಗಕ್ಕೆ ಬಾರದ ಜಾಗವೆಂದರೆ ಮದುವೆಮನೆಯ ಪಂಕ್ತಿ. ಬಾಳೆಲೆಯ ಮುಂದೆ ಕೂತವರಿಗೆ ಬಡಿಸುವವರ ವೇಗವೇ ಊಟದ ವೇಗ. ಸಾರು ಮುಗಿಯುವಷ್ಟರಲ್ಲಿ ಹುಳಿ, ಹುಳಿ ಕಲಸುವಷ್ಟರಲ್ಲಿ ಸಿಹಿ, ಪಕ್ಕದವರು ಎದ್ದಾಗ ಏಳಲೇಬೇಕು. ಒತ್ತಾಯದ ಪ್ರೀತಿಯಂತೂ ಇದ್ದೇ ಇದೆ. ಇಟಾಲಿಯನ್ ಮೂಲದ ಹಿರಿಯ ಮಹಿಳೆಯೊಬ್ಬರು ತಮ್ಮ ಮನೆತನದ ಔತಣಗಳ ಬಗ್ಗೆ ಬಳಗದಲ್ಲಿ ಹೇಳಿದ್ದು ನನಗೆ ಇಲ್ಲಿ ಒದಗಿ ಬಂತು: ಹೋಗುವ ಮುನ್ನ ಮನೆಯಲ್ಲೇ ನಿಧಾನವಾಗಿ ಊಟ ಮುಗಿಸಿ, ಅಲ್ಲಿ ಬಡಿಸುವ ಕೆಲಸಕ್ಕೆ ನಿಲ್ಲುವುದು. ನಮ್ಮ ಕಡೆ ಬಡಿಸುವ ಕೈಗೆ ಯಾವಾಗಲೂ ಗೌರವವಿದೆ, ಬಡಿಸುತ್ತಿರುವವರನ್ನು ಊಟವಾಯಿತೇ ಎಂದು ಯಾರೂ ಒತ್ತಾಯಿಸುವುದಿಲ್ಲ. ಹತ್ತಿರದ ಬಂಧುಗಳಲ್ಲಿ ಒಬ್ಬರಿಗಾದರೂ ನಿಜ ಸಂಗತಿಯನ್ನು ತಿಳಿಸಿಡುವುದು ಒಳ್ಳೆಯದು. ಎಲೆಯ ಮುಂದೆ ಕೂರಲೇಬೇಕಾದ ಸಂದರ್ಭಗಳಲ್ಲಿ ಬಡಿಸುವವರನ್ನು ಅವರೇ ತಡೆಯುತ್ತಾರೆ.

ಕೇಂದ್ರದ ಬಗೆಗಿನ ಉಳಿದ ದೂರುಗಳು ಚಿಕ್ಕವಲ್ಲ. ಡಯಟಿಷಿಯನ್‌ಗಳು ಪದೇ ಪದೇ ಬದಲಾಗುತ್ತಾರೆ, ಪ್ರತಿ ಸಲವೂ ಪನೀರ್ ಎಂದರೇನು, ತೊವ್ವೆ ಎಂದರೇನು ಎಂಬುದರಿಂದ ಆರಂಭಿಸಬೇಕು. ಆಸ್ಟ್ರೇಲಿಯಾದಲ್ಲಿಯೂ ಸ್ಲೀವ್ ಮುನ್ನೆಲೆಗೆ ಬಂದು ಬ್ಯಾಂಡ್ ಹಿಂದೆ ಸರಿದ ಮೇಲೆ ಕೇಂದ್ರದ ಗಮನವೂ ಅತ್ತ ತಿರುಗಿದೆ. ಸಂಜೆಯ ಫಿಲ್ ಸಮಯಗಳು ಕಡಿಮೆಯಾಗಿವೆ, ಕೆಲಸಕ್ಕೆ ಹೋಗುವವರು ರಜೆ ಹಾಕಬೇಕು. ಫಿಲ್‌ನ ವೆಚ್ಚದಲ್ಲಿ ಒಂದಂಶ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಿಂದ ಹಿಂದಿರುಗಿದರೂ ಡಯಟಿಷಿಯನ್ ಭೇಟಿಯ ಶುಲ್ಕ ಹೊರೆಯೆನಿಸುತ್ತದೆ. ಬ್ಯಾಂಡ್ ಕಂಪನಿಗಳು, ಶಸ್ತ್ರವೈದ್ಯರು ಬೇರೆ ದಾರಿ ಹಿಡಿದರೂ ಬ್ಯಾಂಡ್ ದೇಹದಲ್ಲಿರುವ ಸಾವಿರಾರು ಜನ ಇನ್ನೂ ಇದ್ದಾರೆ, ಅವರ ಆರೈಕೆಯ ಹೊಣೆ ಮುಗಿದಿಲ್ಲ ಎಂಬುದನ್ನು ಇಂಥ ಕೇಂದ್ರಗಳು ಮರೆಯಬಾರದು.

ಇದನ್ನು ಓದುತ್ತಿರುವವರಲ್ಲಿ ಬೆಂಗಳೂರಿನಲ್ಲೋ ಬೇರೆಡೆಯೋ ತೂಕದ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತಿರುವವರು ಇರಬಹುದು. ಭಾರತದಲ್ಲಿ ಆರೋಗ್ಯ ವಿಮೆಯ ನಿಯಮಗಳು 2019ರಲ್ಲಿ ಪರಿಷ್ಕೃತವಾದಾಗ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ದಾಟಿ ತೀವ್ರ ನಿದ್ರಾ ಶ್ವಾಸಸ್ತಂಭನ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆಗಳಿದ್ದರೆ, ವೈದ್ಯರ ಸಲಹೆಯ ಮೇರೆಗೆ ಮಾಡುವ ಇಂಥ ಶಸ್ತ್ರಚಿಕಿತ್ಸೆಯನ್ನು ವಿಮೆಯ ಹೊರಗಿಡುವ ಸಾಮಾನ್ಯ ಷರತ್ತಿನಿಂದ ಬಿಡುಗಡೆ ಮಾಡಲಾಯಿತು. ವಿಮೆಯನ್ನು ವಿಚಾರಿಸುವಷ್ಟೇ ಗಂಭೀರವಾಗಿ ಆಸ್ಪತ್ರೆಯಲ್ಲಿ ಇವನ್ನೂ ವಿಚಾರಿಸಿ: ಐದು ವರ್ಷಗಳ ನಂತರ ನನ್ನನ್ನು ಯಾರು ನೋಡುತ್ತಾರೆ, ರಾತ್ರಿ ಹೊತ್ತು ಕರೆ ಮಾಡಿದರೆ ಯಾರು ಎತ್ತುತ್ತಾರೆ, ಹಿಂದೆ ಚಿಕಿತ್ಸೆ ಪಡೆದವರು ಸೇರುವ ಬಳಗವೇನಾದರೂ ಇದೆಯೇ, ಇದ್ದರೆ ಅದರಲ್ಲಿ ತಿಳಿದ ನರ್ಸ್ ಒಬ್ಬರು ಕೂರುತ್ತಾರೆಯೇ. ಗರ್ಭ ಧರಿಸುವ ಯೋಚನೆಯಿರುವ ಮಹಿಳೆಯರು ಅದನ್ನೂ ಮೊದಲೇ ಚರ್ಚಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಕಾಯಲು ಹೇಳುವುದು ವಾಡಿಕೆ, ಬ್ಯಾಂಡ್ ಇದ್ದವರಿಗೆ ಆಗ ಸಡಿಲಿಸಿಕೊಳ್ಳುವ ಅನುಕೂಲವಿದೆ.

ಮೆಲ್ಬರ್ನ್‌ನಲ್ಲಿರುವ ಕನ್ನಡಿಗರಲ್ಲಿ ಯಾರಿಗಾದರೂ ಬ್ಯಾಂಡ್ ಇದ್ದು, ಆರೈಕೆಯಿಂದ ದೂರವಾಗಿದ್ದರೆ, ತಮ್ಮ ಕುಟುಂಬ ವೈದ್ಯರಿಂದ ಹೊಸ ರೆಫರಲ್ ಪಡೆದು ಇಂಥ ಯಾವುದಾದರೊಂದು ಕೇಂದ್ರಕ್ಕೆ ಮರಳಿ ಸೇರಿಕೊಳ್ಳಬಹುದು. ಬೇರೆಡೆ ಶಸ್ತ್ರಚಿಕಿತ್ಸೆಯಾದವರನ್ನೂ ನಾನು ಹೋಗುವ ಕೇಂದ್ರ ತೆಗೆದುಕೊಳ್ಳುತ್ತದೆ, ಹಳೆಯ ದಾಖಲೆಗಳಿದ್ದರೆ ಜೊತೆಗೆ ಒಯ್ಯಬೇಕು. ಹಾಳೆಯ ಕೊರತೆಯನ್ನು ತುಂಬಲು ನಾನೂ ಗುಜರಾತಿ ಗೆಳತಿಯೂ ಸೇರಿ ಭಾರತೀಯ ಸಸ್ಯಾಹಾರದ ಒಂದು ಪಟ್ಟಿಯನ್ನು ಬರೆದು ಕೊಟ್ಟಿದ್ದೇವೆ. ಈಗಿನ ಡಯಟಿಷಿಯನ್ ಅದನ್ನು ಪರಿಶೀಲಿಸುತ್ತಿದ್ದಾರೆ. ಮುದ್ದೆಯ ಸಾಲಿನ ಪಕ್ಕದಲ್ಲಿ ಅವರು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಿರುಗಿಸಿದ್ದಕ್ಕೆ ಮುಂದಿನ ಭೇಟಿಯಲ್ಲಿ ವಿವರಣೆ ಕೊಡಬೇಕಾಗಿದೆ.